ಸಭೆಯಲ್ಲಿ ಓದದ ಸಾಲು

ಪರದೇಶದ ಅಪ್ಪರ್ ಹಟ್ ಪಟ್ಟಣದಲ್ಲಿರುವ ಮನೋಹರ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಊರು ಗೋಕಾಕದ ಕಡೆ. ಐವತ್ತರ ಹತ್ತಿರ ಬಂದಾಗ ಅವನಿಗೆ ಕವಿತೆಯ ಗೀಳು ಹತ್ತಿತು. ಅಪ್ಪರ್ ಹಟ್ ಕನ್ನಡಿಗರ ಯುಗಾದಿ, ರಾಜ್ಯೋತ್ಸವಗಳಲ್ಲಿ ಅವನದೊಂದು ಕವಿತೆ ಇದ್ದೇ ಇರುತ್ತಿತ್ತು. ತಾಯಿ ಎಂದರೆ ಭೂಮಿ, ತಾಯಿ ಎಂದರೆ ಕ್ಷಮೆ, ತಾಯಿ ಎಂದರೆ ಆರದ ದೀಪ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವ್ವ ಚಂದ್ರವ್ವ ಅವನ ಮನೆಗೆ ಬಂದು ನೆಲೆಸಿದಳು. ಒಂದು ಭಾನುವಾರ ಆಕೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ಮನೋಹರ ತಾಯಿಯ ಮೇಲಿನ ಕವಿತೆಯೊಂದನ್ನು ಓದಿ ತೋರಿಸಿದ. ಆಕೆ ಕೊನೆತನಕ ಕೇಳಿದಳು.

"ಛಂದ ಐತಿ," ಎಂದಳು. "ಆದರ ಈಕಿ ಯಾರ? ನಾ ಅಂತೂ ಅಲ್ಲ."

ಮನೋಹರನಿಗೆ ಕಸಿವಿಸಿಯಾಯಿತು. ಆದರೂ ಅಂದಿನಿಂದ ಅವ್ವನನ್ನು ಗಮನಿಸತೊಡಗಿದ. ಪಕ್ಕದ ಮನೆಯ ಮಾರ್ಗರೆಟ್ ಬಟ್ಟೆ ಒಣಹಾಕುವಾಗ ಅವ್ವ ಬೇಲಿಯ ಈಚೆ ನಿಂತು ಕನ್ನಡದಲ್ಲಿ ಹರಟುತ್ತಿದ್ದಳು. ಮಾರ್ಗರೆಟ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಕೆಲಸಕ್ಕೆ ಹೋಗುವ ರೈಲಿನಲ್ಲಿ ಕೂತು ಇದನ್ನೆಲ್ಲ ಫೋನಿನಲ್ಲಿ ಬರೆದ. ಓದಿದರೆ ವರದಿಯಂತಿತ್ತು. ಮೆರುಗಿಗೆಂದು ಸೇರಿಸಿದ್ದ 'ಮಮತೆ' ತೆಗೆದ, 'ತ್ಯಾಗ' ತೆಗೆದ. ಮನೆಗೆ ಬಂದು ಗಟ್ಟಿಯಾಗಿ ಓದಿ, ಉಸಿರು ಸಿಕ್ಕಿಕೊಂಡ ಕಡೆ ಸಾಲು ಮುರಿದ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಜುಲೈ ಎಂದರೆ ಅಲ್ಲಿ ಚಳಿಗಾಲ; ಆ ತಿಂಗಳ ಒಂದು ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಅವ್ವ ಅಪ್ಪನ ಉಣ್ಣೆ ಕೋಟು ತೊಟ್ಟು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದಳು. ಮಗ ಬಂದದ್ದು ಆಕೆಗೆ ತಿಳಿಯಲಿಲ್ಲ. ರೈಲು ಹತ್ತುವ ಹೊತ್ತಿಗೆ ಅವನಿಗೆ ಎರಡು ಸಾಲು ಸಿಕ್ಕಿದ್ದವು:

ಅಪ್ಪನ ಕೋಟಿನ ಕಿಸೆಯೊಳಗೆ
ಅವ್ವನ ಕೈ ಏನೋ ಹುಡುಕುತ್ತದೆ

ತಿದ್ದಬೇಕಾಗಲಿಲ್ಲ. ಉಳಿದದ್ದೆಲ್ಲ ಅವುಗಳ ಸುತ್ತ ತಾನಾಗಿ ಕೂತಿತು.

ಓದಿ ತೋರಿಸಿದಾಗ ಮಾರ್ಗರೆಟ್ ಇರುವ ಸಾಲು ಬಂದಲ್ಲಿ ಅವ್ವ ನಕ್ಕಳು. ಓದಿ ಮುಗಿದ ಮೇಲೆ ಹೇಳಿದಳು:

"ಖರೇ ಬರದೀ. ಆದರ ಆ ಕೋಟಿನ ಮಾತು ಮಂದಿ ಮುಂದ ಓದಬ್ಯಾಡಪ್ಪ. ಅದು ನಂದು."

ಆ ಸಾಲುಗಳಿಲ್ಲದಿದ್ದರೆ ಕವಿತೆಯೇ ಇಲ್ಲ ಎಂದು ಅವನು ವಾದಿಸಿದ. ಅವ್ವ ಪಾತ್ರೆ ತೊಳೆಯಲು ಎದ್ದಳು. ಅವನು ಕೆಲವು ದಿನ ಮುಖ ಗಂಟು ಹಾಕಿಕೊಂಡೇ ಇದ್ದ. ಕೊನೆಗೆ ಆ ಎರಡು ಸಾಲನ್ನೂ ತೆಗೆದುಹಾಕಿದ. ಕವಿತೆ ಕುಂಟಿತು. ಬೇರೆ ಬೇರೆ ಮುಕ್ತಾಯ ಬರೆದು ನೋಡಿದ, ಯಾವುದೂ ಒಗ್ಗಲಿಲ್ಲ. ಕೊನೆಗೆ ಮಾರ್ಗರೆಟ್ ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುವಲ್ಲಿಗೆ ನಿಲ್ಲಿಸಿದ.

ರಾಜ್ಯೋತ್ಸವದಲ್ಲಿ ಓದಿದಾಗ ಚಪ್ಪಾಳೆ ತೆಳುವಾಗಿತ್ತು. ಕಾರ್ಯಕ್ರಮ ನಡೆಸಿದ ಶ್ರೀವಿದ್ಯಾ ಚಹಾದ ಹೊತ್ತಿನಲ್ಲಿ ಪ್ರೀತಿಯಿಂದಲೇ ಹೇಳಿದರು: "ಮುಂದಿನ ಸಲ ಮೊದಲಿನ ಥರ ತಾಯಿ ಮೇಲೆ ಬರೀರಿ ಸರ್."

ಪಕ್ಕದಲ್ಲೇ ಚಂದ್ರವ್ವ ಚಿತ್ರಾನ್ನ ತಿನ್ನುತ್ತಿದ್ದಳು. ಮನೋಹರ ಆಗಲಿ ಎಂದು ತಲೆಯಾಡಿಸಿದ.

ಆದರೆ ಮೊದಲಿನ ಥರದ್ದು ಅವನು ಮತ್ತೆ ಬರೆಯಲಿಲ್ಲ. ಈಗ ಅವನಿಗೆ ವರ್ಷಕ್ಕೆ ಎರಡೋ ಮೂರೋ ಕವಿತೆಗಳಾಗುತ್ತವೆ. ಸದ್ಯ ತಾನಿರುವ ಕಣಿವೆಯ ಗಾಳಿಯ ಬಗ್ಗೆ ಒಂದು ಬರೆಯುತ್ತಿದ್ದಾನೆ. ಮೊದಲ ಸಾಲು ಇನ್ನೂ ಕೂತಿಲ್ಲ.