ನಾಲ್ಕು ಚೂರು ಗುಳಿಗೆ

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಹಾಬಾದಿನ ಒಂದು ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಆ ದಿನಗಳೆಲ್ಲ ಈಗ ಬೆಳಗಿನ ಬಿಳುಪಿನಲ್ಲಿ ಅದ್ದಿ ತೆಗೆದಂತೆ ನೆನಪಾಗುತ್ತವೆ. ಫರಸಿ ಕಲ್ಲು ಕೊಯ್ಯುವ ಯಂತ್ರಗಳ ಧೂಳು ಬೇವಿನ ಎಲೆಯ ಮೇಲೆ, ಸೈಕಲ್ಲಿನ ಸೀಟಿನ ಮೇಲೆ, ಒಣಹಾಕಿದ ಧೋತರದ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು.

ಮದುವೆಯ ಫೋಟೋಗಳು ಕೈಗೆ ಬಂದಾಗ, ಅಕ್ಷತೆಗೆ ತಲೆಬಾಗಿದ ಒಂದು ಚಿತ್ರದಲ್ಲಿ ನನ್ನ ನೆತ್ತಿ ಹೊಳೆಯುತ್ತಿತ್ತು. ನನಗಾಗ ಇಪ್ಪತ್ತೆಂಟು. ಹೆಂಡತಿ ಸರಕ್ಕನೆ ಮುಂದಿನ ಪುಟ ತಿರುವಿದಳು. ಅದೇ ನನಗೆ ಚುಚ್ಚಿತು.

ಶಹಾಬಾದಿನಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋಗಿ, ಪರಿಚಯವಿಲ್ಲದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೂದಲು ಉದುರುವುದನ್ನು ತಡೆಯುವ ಗುಳಿಗೆ ಕೇಳಿದೆ.

"ಕೂದಲಿಂದು ಸಣ್ಣ ಡೋಸ್ ನಮ್ಮಲ್ಲಿ ಬರಂಗಿಲ್ರಿ," ಎಂದ ಅಂಗಡಿಯವನು. "ಇದು ಮುದುಕರಿಗಿ ಮೂತ್ರದ ತ್ರಾಸಿಗಿ ಕೊಡೋದು. ಔಷಧ ಒಂದೇ. ನಾಕು ತುಂಡು ಮಾಡ್ರಿ, ದಿನಕ್ಕೊಂದು ತಗೋರಿ."

"ಡಾಕ್ಟರ ಚೀಟಿ ಬೇಕೇನ್ರಿ?"

"ಅದೆಲ್ಲ ಯಾಕ ಬಿಡ್ರಿ," ಎಂದು ನಕ್ಕ.

ನನಗೆ ಹಗುರೆನಿಸಿತು. ಡಾಕ್ಟರ ಮುಂದೆ ತಲೆ ತೋರಿಸುವ ನಾಚಿಕೆ ತಪ್ಪಿತ್ತು.

ನಾನು ಮುರಿದರೆ ಗುಳಿಗೆ ಪುಡಿಯಾಗುತ್ತಿತ್ತು. "ಕೊಡ್ರಿ ಇಲ್ಲಿ, ನಿಮ್ಮ ಕೈಯಾಗ ಹಿಟ್ಟಾಗಲಿಕತ್ತದ," ಎಂದು ಹೆಂಡತಿ ಅಡಕೊತ್ತಿನಲ್ಲಿ ನಾಲ್ಕು ಚೂರು ಮಾಡಿ, ಬೆರಳಿಗಂಟಿದ ಹುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಕೆಲವು ತಿಂಗಳಲ್ಲಿ ದಿಂಬಿನ ಮೇಲೆ ಕೂದಲು ಕಾಣುವುದು ನಿಂತಿತು. ಆದರೆ ನಾನೇ ಎಲ್ಲೋ ದೂರ ಸರಿದಂತಿದ್ದೆ. ಪಾಠದ ನಡುವೆ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದೆ. ಹೆಂಡತಿ ಹತ್ತಿರ ಬಂದರೂ ಎಷ್ಟೋ ಸಲ ಮೈ ಓಗೊಡುತ್ತಿರಲಿಲ್ಲ. ಸಂಜೆ ಕಾಗಿಣಾ ನದಿಯ ದಂಡೆಯಲ್ಲಿ ಕೂತರೆ, ನೀರು ಹರಿಯುತ್ತಿದೆಯೋ ನಾನು ಹರಿಯುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಬಿಸಿಲಿಗೆ ಹೀಗೆ ಎಂದುಕೊಂಡೆ. ಗುಳಿಗೆಯ ಮೇಲೆ ಅನುಮಾನವೇ ಬರಲಿಲ್ಲ.

ಅಷ್ಟರಲ್ಲಿ ಹೆಂಡತಿಗೆ ದಿನ ನಿಂತು ಮೂರನೇ ತಿಂಗಳು ನಡೆದಿತ್ತು.

ಪಕ್ಕದ ಮನೆಯ ಚಾಚಾ ಚಿಂಚೋಳಿಯ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ಒಂದು ರವಿವಾರ ಚಹಾಕ್ಕೆ ಬಂದಾಗ ಅವಳು ಅಡಕೊತ್ತು ಹಿಡಿದು ಕೂತಿದ್ದಳು. ಚಾಚಾ ಗುಳಿಗೆಯ ಪಟ್ಟಿ ಎತ್ತಿಕೊಂಡು ಕನ್ನಡಕ ಏರಿಸಿದರು.

"ಇದು ಯಾರಿಗಿ ಬೇಟಿ?"

"ಇವರಿಗಿ ಚಾಚಾ, ಕೂದಲಿಗಿ."

ಅವರು ಅಡಕೊತ್ತನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. "ಹೋಗವ್ವ, ಸೋಪ್ ಹಚ್ಚಿ ಕೈ ತೊಳಕೊ." ಅವಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಮಾಸ್ತರ್, ಬಸುರಿ ಹೆಣ್ಮಗಳು ಇದರ ಪುಡಿ ಮುಟ್ಟಬಾರದು. ಇಡೀ ಗುಳಿಗಿಗಿ ಮ್ಯಾಲೆ ಪದರ ಇರ್ತದ. ತುಂಡು ಮಾಡಿದ್ರ ಪುಡಿ ಚರ್ಮದಾಗಿಂದ ಒಳಗ ಇಳೀಬಹುದು. ಹೊಟ್ಟ್ಯಾಗ ಗಂಡು ಕೂಸಿದ್ರ ಅದರ ಅಂಗ ಬೆಳಿಯೋದಕ್ಕ ತೊಂದರಿ ಆಗಬಹುದು."

ಪಟ್ಟಿಯ ಹಿಂಭಾಗ ತೋರಿಸಿದರು. ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕೆಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುವವನು. ಅಷ್ಟು ತಿಂಗಳು ಕೈಯಲ್ಲಿ ಹಿಡಿದಿದ್ದರೂ ಅದನ್ನು ಓದಿರಲಿಲ್ಲ.

ಮರುದಿನವೇ ಗುಲಬರ್ಗಾಕ್ಕೆ, ಹೆಣ್ಣುಮಕ್ಕಳ ಡಾಕ್ಟರ ಹತ್ತಿರ ಹೋದೆವು.

"ಕೈಗೆ ಹತ್ತಿದ್ದು ಸ್ವಲ್ಪ. ಬಹುಶಃ ಏನೂ ಆಗಂಗಿಲ್ಲ. ಖಾತ್ರಿ ಮಾತ್ರ ಕೊಡಲಾರೆ," ಎಂದರು ಅವರು. "ನೀವೂ ಗುಳಿಗಿ ನಿಲ್ಲಿಸ್ರಿ. ನೀವು ಹೇಳೋ ಮಂಕು, ನಿರಾಸಕ್ತಿ ಅದರಿಂದನೂ ಬರ್ತದ. ತಪಾಸಣೆ ಇಲ್ದ ಹೀಂಗ ತಗೋಬಾರದು."

"ಗಂಡೋ ಹೆಣ್ಣೋ, ಅಷ್ಟರ ಹೇಳ್ರಿ ಮೇಡಂ."

ಅವರು ಗೋಡೆಯ ಫಲಕದತ್ತ ಕೈ ಮಾಡಿದರು. "ಅದು ಕೇಳಬ್ಯಾಡ್ರಿ. ಕಾಯ್ದೆ ಅದ."

ಮರಳುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಆಮೇಲೆ ಮೆಲ್ಲಗೆ ಅಂದಳು: "ನೋಡಲಿಕ್ಕ ಬಂದಾಗೇ ನಿಮ್ಮ ತಲಿ ಕಂಡಿತ್ತು. ನೋಡೇ ಒಪ್ಪೀನಿ."



ಚಾಚಾ ಹೇಳಿದಂತೆ ಔಷಧ ನಿಯಂತ್ರಣದ ಕಚೇರಿಗೆ ವಾಡಿಯ ಅಂಗಡಿಯ ಮೇಲೆ ಒಂದು ದೂರು ಬರೆದೆ. ಉತ್ತರ ಬರಲಿಲ್ಲ. ಕೂದಲು ಮತ್ತೆ ಉದುರತೊಡಗಿತು. ಮಂಕು ಮಾತ್ರ ನಿಧಾನಕ್ಕೆ ಸರಿದು, ಪಾಠದ ನಡುವಿನ ಮಕ್ಕಳ ಗದ್ದಲ ಮೊದಲಿನಂತೆ ಕಿವಿಗೆ ಬೀಳತೊಡಗಿತು. ಆದರೆ ಕೂಸಿನ ಚಿಂತೆಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಚಿತ್ತಾಪುರದ ನಮ್ಮ ಮನೆಯಲ್ಲಿ ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಗಂಡು ಮೊಮ್ಮಗನನ್ನು ಬೇಡುತ್ತಿದ್ದಳು. ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತ ನಾನು ಹೆಣ್ಣು ಬೇಡುತ್ತಿದ್ದೆ. ಒಂದೇ ದೀಪದ ಮುಂದೆ, ಒಬ್ಬರಿಗೊಬ್ಬರು ಹೇಳದೆ.

ಹೆರಿಗೆಯಾದದ್ದು ಸೇಡಂನಲ್ಲಿ, ಅವಳ ತವರಿನಲ್ಲಿ. ಬೆಳಗಿನ ಹೊತ್ತು ಆಸ್ಪತ್ರೆಯ ಬಾಗಿಲಿಗೆ ಬಂದ ಮಾವ ನನ್ನ ಮುಖ ನೋಡದೆ ಹೇಳಿದರು: "ಹೆಣ್ಣಾಗ್ಯಾದ್ರಿ. ಮನಸಿಗಿ ಹಚ್ಚಿಕೋಬ್ಯಾಡ್ರಿ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅತ್ತೆ ಗಾಬರಿಯಾಗಿ ನೀರು ತಂದರು. ಚಿತ್ತಾಪುರದಿಂದ ಬಂದಿದ್ದ ಅವ್ವ ಬೆನ್ನು ಸವರಿ, "ಮುಂದಿಂದು ಗಂಡಾಗ್ತದ ಬಿಡಪ್ಪ," ಎಂದು ಸಮಾಧಾನ ಹೇಳಿದಳು. ಒಳಗೆ ಹೋದಾಗ ಹೆಂಡತಿ ದಣಿದ ಕಣ್ಣಿನಿಂದ ನನ್ನನ್ನು ನೋಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದಳು: "ಇನ್ನರ ಆರಾಮ ಮಲಕೋರಿ."