ರಾಗಿ ಹಿಟ್ಟಿನ ತಟ್ಟೆ

ಚಿನ್ನಿ, ಪುಟ್ಟು, ಇದು ನಿಮ್ಮಿಬ್ಬರಿಗೆ. ಎದುರು ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ. ನಾಲ್ಕು ಜನ ಸೇರಿದರೆ ಒಳಮನೆಗೆ ಸರಿಯುವವಳು ನಾನು. ನನ್ನ ತವರು ಹರವೆಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಚಿನ್ನಿ, ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಬ್ಯಾಗನ್ನು ಮೂಲೆಗೆ ಎಸೆದು, "ನಾಳಿಂದ ಓಗಲ್ಲ ಕಣಜ್ಜಿ" ಅಂದೆ. ಅಂದು ಶಾಲೆಯಲ್ಲಿ ನಿನ್ನನ್ನು ಎದ್ದು ನಿಲ್ಲಿಸಿ ಪಾಠ ಓದಿಸಿದ್ದರು, ಮಕ್ಕಳು ನಕ್ಕಿದ್ದರು. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುವ ಹುಡುಗಿ ನೀನು, ಪುಸ್ತಕ ತೆರೆದರೆ ಮಾತ್ರ ತಡವರಿಸುತ್ತಿದ್ದೆ. ನಿಮ್ಮಪ್ಪ, "ಓದಾಕೆ ಇಷ್ಟ ಇಲ್ದಿದ್ರೆ ಬುಡು, ಬಲವಂತ ಯಾಕೆ" ಅಂದ. ಅದು ಸಿಟ್ಟಿನ ಮಾತಲ್ಲ. ನಿನ್ನ ಮುಖ ನೋಡಲಾರದೆ ಹೇಳಿದ್ದು. ನಿಮ್ಮಮ್ಮ ಒಪ್ಪಲಿಲ್ಲ. ಅವರಿವರನ್ನು ವಿಚಾರಿಸಿ, ಇಂಥ ಮಕ್ಕಳಿಗೆ ತಮ್ಮ ಮನೆಯಲ್ಲೇ ಪಾಠ ಹೇಳುವ ಮೇಡಂ ಒಬ್ಬರನ್ನು ಚಾಮರಾಜನಗರದಲ್ಲಿ ಹುಡುಕಿದಳು. ಅವಳಿಗೆ ಅಂಗಡಿ ಕೆಲಸದಲ್ಲಿ ರಜೆ ಸಿಗದು. ಹಾಗಾಗಿ ಶನಿವಾರ ಶಾಲೆ ಬಿಟ್ಟ ಮೇಲೆ ಗುಂಡ್ಲುಪೇಟೆಯಿಂದ ನಿನ್ನನ್ನು ಬಸ್ಸಿನಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ ಬಂತು.

"ಇದಕ್ಕೆ ಡಿಸ್ಲೆಕ್ಸಿಯಾ ಅಂತಾರಮ್ಮ. ಬುದ್ಧಿ ಕಮ್ಮಿ ಅಂತಲ್ಲ, ಸೋಮಾರಿತನವೂ ಅಲ್ಲ," ಅಂದರು ಮೇಡಂ. "ಕಂಡ ಅಕ್ಷರಕ್ಕೂ ಅದರ ಸದ್ದಿಗೂ ನಂಟು ಬೆಳೆಯೋದು ಇವಳಿಗೆ ನಿಧಾನ. ದಿನಾ ಸಂಜೆ ತಟ್ಟೇಲಿ ಅಕ್ಕಿ ಹರಡಿ ಬೆರಳಲ್ಲಿ ಬರೆಸಿ, ಬರೀತಾನೇ ಸದ್ದು ಹೇಳಿಸಿ. ಮೊದಮೊದಲು ನೀವೇ ಕೈ ಹಿಡಿದುಕೊಳ್ಳಿ."

ನಾನು ತಲೆಯಾಡಿಸಿದೆ, ಆದರೆ ಮನಸ್ಸು ಒಪ್ಪಲಿಲ್ಲ. ಅಕ್ಕಿ ತಟ್ಟೆಯಲ್ಲಿ ಮಗುವಿನ ಕೈ ಹಿಡಿದು ಬರೆಸುವುದೆಂದರೆ ನಮ್ಮಲ್ಲಿ ಅಕ್ಷರಾಭ್ಯಾಸ. ಪುಟ್ಟುವಿನದು ನಡೆದಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೆ. ಯಾರೂ ಅಲ್ಲಿ ನಿಲ್ಲು ಅಂದಿರಲಿಲ್ಲ. ಗಂಡನಿಲ್ಲದವಳು ಮುಂದೆ ಕೂರಬಾರದೆಂದು ನಾನೇ ನಿಂತಿದ್ದೆ. ಈಗಲೂ ಹಾಗೇ ಯೋಚಿಸಿ, ನಿನ್ನ ಕೈ ಹಿಡಿದು ಬರೆಸಲು ಎದುರುಮನೆಯವಳನ್ನು ಕರೆದೆ. ಮುತ್ತೈದೆ, ಒಳ್ಳೆಯ ಮನಸ್ಸು, ಬಾಯಿ ಮಾತ್ರ ಜೋರು.

"ಅಲ್ಲ ಕಣಮ್ಮಿ, ನಿನ್ ತಮ್ಮಂದು ಮುಗ್ದು ಈಗ ನಿಂದು ಸುರುವಾಯ್ತಾ?" ಎನ್ನುತ್ತ ಕೂತಳು. "ಬೇಗ ಬರಿ, ಒಲೆ ಮೇಲೆ ಸಾರು ಇಟ್ಬುಟ್ಟು ಬಂದಿವ್ನಿ" ಅಂತ ನಿನ್ನ ಬೆರಳನ್ನು ದರದರ ಎಳೆದಳು. ಕೆಲವು ಸಂಜೆ ಸಹಿಸಿದೆ ನೀನು. ಆಮೇಲೆ ತಟ್ಟೆ ತಳ್ಳಿದೆ. ಅಕ್ಕಿಯೆಲ್ಲ ನೆಲಕ್ಕೆ.

"ನಾನು ನಗರಕ್ಕೂ ಬರಲ್ಲ, ಇಸ್ಕೂಲ್ಗೂ ಓಗಲ್ಲ."

ಅವಳು ಎದ್ದುಹೋದಳು. ನಾನು ಅಕ್ಕಿ ಬಳಿಯುತ್ತ ಕೂತೆ. ಇದೂ ತಪ್ಪಿದರೆ ನಿನ್ನ ಓದು ಅಲ್ಲಿಗೆ ನಿಂತಂತೆ ಎಂಬುದು ನನಗೆ ಗೊತ್ತಿತ್ತು. ನೀನು ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದೆ.

"ಮೇಡಮ್ಮು ನಿನ್ಗೆ ತಾನೆ ಏಳಿದ್ದು? ನೀನ್ಯಾಕೆ ಇಡ್ಕೊಳಲ್ಲ?"

"ನಾನು ಇಡೀಬಾರ್ದು ಕಣವ್ವ."

"ರೊಟ್ಟಿ ತಟ್ಟಾಕೆ ಕಲಿಸ್ವಾಗ ಇಡ್ಕಂಡಿದ್ದೆ?"

ನಾನು ಎದ್ದೆ. ಒಳಗೆ ಹೋಗಿ ಅಕ್ಕಿಯನ್ನು ಡಬ್ಬಕ್ಕೆ ಸುರಿದು, ಅದೇ ತಟ್ಟೆಗೆ ರಾಗಿ ಹಿಟ್ಟು ಹರಡಿಕೊಂಡು ಬಂದೆ. ಶಾಸ್ತ್ರಕ್ಕೆ ಬೇಕಾದದ್ದು ಅಕ್ಕಿ, ರಾಗಿ ಹಿಟ್ಟಿನಲ್ಲಿ ಯಾರೂ ಶಾಸ್ತ್ರ ಮಾಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನಿನ್ನ ಕೈ ಹಿಡಿದೆ. ಅಷ್ಟರಲ್ಲಿ ನಿಮ್ಮಮ್ಮ ಕೆಲಸದಿಂದ ಬಂದಳು. ನಾನು ಕೈ ಬಿಟ್ಟೆ.

"ಯಾಕತ್ತೆ ಬುಟ್ರಿ? ಇಡ್ಕೊಳಿ" ಅಂದು ಟೀ ಕಾಯಿಸಲು ಹೋದಳು. ಅಷ್ಟೇ.

ಮಾರನೆಯ ದಿನ ಎದುರುಮನೆಯವಳು ಇಣುಕಿದಳು. "ಏನಕ್ಕ, ಅಕ್ಕಿ ಓಗಿ ರಾಗಿ ಬಂತು?"

"ಇದು ಸಾಸ್ತ್ರ ಅಲ್ಲ ಕಣವ್ವ, ಪಾಠ."

"ಪಾಠ ಆದ್ಮೇಲೆ ಆ ಇಟ್ಟು ಏನ್ ಮಾಡೀಯೆ?"

"ಮುದ್ದೆ."

ನಿಜವಾಗಿಯೂ ಮಾಡಿದೆ. ನೀನು ಬರೆದ ಅಕ್ಷರಗಳನ್ನೆಲ್ಲ ಮನೆಮಂದಿ ಮುದ್ದೆ ಮಾಡಿ ಉಂಡೆವು.

ಬೇಗ ಏನೂ ಆಗಲಿಲ್ಲ. ಒಂದೇ ಅಕ್ಷರದಲ್ಲಿ ವಾರ ಕಳೆಯುತ್ತಿತ್ತು. ಕಲಿತದ್ದು ಮರೆಯುತ್ತಿತ್ತು, ಮತ್ತೆ ಹಿಟ್ಟು ಸವರಿ ಶುರು ಮಾಡುತ್ತಿದ್ದೆವು. ದೊಡ್ಡ ಪದಗಳನ್ನು ಚಪ್ಪಾಳೆ ತಟ್ಟಿ ತುಂಡು ಮಾಡುವುದನ್ನು ಮೇಡಂ ಕಲಿಸಿದರು. ಒಂದು ಸಾಲು ಮಾತ್ರ ಕಾಣುವಂತೆ ನಡುವೆ ಕೊರೆದ ರಟ್ಟಿನ ಪಟ್ಟಿ ಕೊಟ್ಟರು. ನಿಮ್ಮಮ್ಮ ಶಾಲೆಗೆ ಹೋಗಿ, ಹೇಳದೆ ಕೇಳದೆ ಓದಿಸಬೇಡಿ ಎಂದು ಕೇಳಿಕೊಂಡಳು. ಶಾಲೆಯವರೂ ಒಪ್ಪಿದರು.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ, ಚಾಮರಾಜನಗರದಿಂದ ಹಿಂದಿರುಗುವ ಬಸ್ಸಿನಲ್ಲಿ ನೀನಾಗಿಯೇ ಪುಸ್ತಕ ತೆರೆದೆ. ಪಟ್ಟಿ ಇಟ್ಟು, ತೊಡೆಯ ಮೇಲೆ ಬೆರಳು ತಟ್ಟುತ್ತ, ಬಾವಿಗೆ ಬಿದ್ದ ಮೇಕೆಯ ಕಥೆ ಓದತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಹೊತ್ತು ಕೇಳಿ, "ಬಿರ್‍ರನೆ ಓದಮ್ಮಿ, ಮೇಕೆ ಏನಾಯ್ತು?" ಅಂದಳು. ಎಲ್ಲಿ ಪುಸ್ತಕ ಮುಚ್ಚಿಬಿಡುತ್ತೀಯೋ ಎಂದು ನಿನ್ನ ಕಡೆ ನೋಡಿದೆ. ನೀನು ತಲೆ ಎತ್ತಲೂ ಇಲ್ಲ.

"ಇರಿ, ಬತ್ತಾ ಅದೆ" ಅಂದು ಮುಂದಿನ ಸಾಲಿಗೆ ಪಟ್ಟಿ ಜರುಗಿಸಿದೆ.

ಶಾಲೆ ಬಿಡುವ ಮಾತು ಆಮೇಲೆ ನಿನ್ನ ಬಾಯಲ್ಲಿ ಬರಲಿಲ್ಲ. ಈಗಲೂ ನೀನು ಓದುವುದು ನಿಧಾನವೇ. ಅದಕ್ಕೇ ಇಲ್ಲಿ ದಪ್ಪ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆದಿದ್ದೇನೆ. ಪುಟ್ಟು, ಅಕ್ಕನಿಗೆ ನೀನು ಓದಿ ಹೇಳಬೇಡ. ಅವಳೇ ಓದಲಿ, ನೀನು ಪಕ್ಕದಲ್ಲಿ ಕೂತು ಕೇಳು, ಅವಸರ ಮಾಡಬೇಡ. ಓದಿ ಮುಗಿಸಿದ ಮೇಲೆ ಈ ಹಾಳೆಗಳನ್ನು ಆ ರಟ್ಟಿನ ಪಟ್ಟಿಯ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಿ.