ಮೂರು ದಂಟು, ಒಂದು ಹಾಡಿನ ಪೆಟ್ಟಿಗೆ

ನನಗೊಂದು ಚಾಳಿ ಇತ್ತು, ಈಗಲೂ ಇದೆ. ನಗು ಬಂದರೆ ತಡೆದುಕೊಳ್ಳಲು ಆಗುವುದಿಲ್ಲ. ಗಂಗಾವತಿಯ ತವರುಮನೆಯಲ್ಲಿ ಇದು ಚಾಳಿ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಲ್ಲಿ ನಾವು ಅಕ್ಕತಂಗಿಯರು ಟೇಪ್ ರೆಕಾರ್ಡರ್ ಹಚ್ಚಿ, ಕಸಬರಿಗೆ ಕೈಯಲ್ಲಿ ಹಿಡಿದೇ ಕುಣಿಯುತ್ತಿದ್ದೆವು. ಕಸ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಮದುವೆಯಾಗಿ ಹನುಮಸಾಗರಕ್ಕೆ ಬಂದ ಮೇಲೆ ಎಂಟು ತಿಂಗಳು ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಪಡಸಾಲೆ ಮಾವನವರದು. ಅಲ್ಲಿ ಅವರು ಮಲಗುವ ಹೊರಸು, ಅವರ ರೇಡಿಯೋ, ಸುಗ್ಗಿ ಬಂದರೆ ಅವರ ಚೀಲಗಳು. ಅವರು ಬೈದವರಲ್ಲ, ಕೂಡಬೇಡ ಅಂದವರೂ ಅಲ್ಲ. ಮಾವ ಇರುವಾಗ ಸೊಸೆ ಹೊಸ್ತಿಲು ದಾಟಿ ಹೋಗಿ ಕೂಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ನನಗೋ ಆ ಪಡಸಾಲೆಯಲ್ಲಿ ಒಮ್ಮೆ ಕಾಲು ಚಾಚಿ ಕೂತು ಹಾಡು ಕೇಳಬೇಕೆಂಬ ಹುಚ್ಚು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಇದೊಂದೇ ಆಸೆ ಇತ್ತು.

ಆ ವರ್ಷ ಶೇಂಗಾ ಚೆನ್ನಾಗಿ ಬಂತು. ಸಿಡಿ ಆಗಷ್ಟೇ ನಮ್ಮ ಕಡೆ ಕಾಲಿಟ್ಟಿದ್ದ ಕಾಲ. ಸಿಡಿಯೂ ಕ್ಯಾಸೆಟ್ಟೂ ಎರಡೂ ಹಾಡುವ, ಪಕ್ಕಕ್ಕೆರಡು ಸ್ಪೀಕರ್ ಇರುವ ಒಂದು ಸಣ್ಣ ಸ್ಟೀರಿಯೋ ತರೋಣವೆಂದು ನನ್ನ ಗಂಡ ಊಟಕ್ಕೆ ಕೂತಾಗ ಮಾತು ತೆಗೆದರು. ನಾನು ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

ಮಾವ ಒಂದು ತುತ್ತು ನುಂಗಿ ಹೇಳಿದರು. "ನೆಲದ ಮ್ಯಾಲೆ ಒಂದು ಸಾಮಾನ ಇಡಬ್ಯಾಡ. ಸುಗ್ಗ್ಯಾಗ ನನಗ ಚೀಲ ಒಟ್ಟಾಕ ಜಾಗ ಬೇಕು. ಗ್ವಾಡಿ ಮಾಡದಾಗ ಕೂಡ್ತಿದ್ರ ತರ್ರಿ. ಇಲ್ಲಾಂದ್ರ ನಿಮ್ಮ ಹಾಡು ಒಳಗ ಅಡಗಿಮನ್ಯಾಗ ಇಟಗೋರಿ."

ಮಾಡವೆಂದರೆ ಪಡಸಾಲೆಯ ದಪ್ಪ ಗೋಡೆಯಲ್ಲಿ ಮೊದಲೇ ಬಿಟ್ಟ ಗೂಡು. ಹಿಂದೆ ಅದರಲ್ಲಿ ದೀಪ ಇಡುತ್ತಿದ್ದರು, ನಾನು ಬಂದಾಗ ಹಳೆಯ ಪಂಚಾಂಗ ಮತ್ತು ಎಣ್ಣೆ ಬಾಟಲಿ ಇದ್ದವು. ಲೆಕ್ಕ ಸರಳವಾಗಿತ್ತು. ಮಾಡದಲ್ಲಿ ಕೂತರೆ ಹಾಡು ಪಡಸಾಲೆಗೆ, ಹಾಡಿನ ಹಿಂದೆ ನಾನೂ ಪಡಸಾಲೆಗೆ. ಕೂಡದಿದ್ದರೆ ನಾನೂ ಹಾಡೂ ಒಲೆಯ ಮುಂದೆ.

ಮರುದಿನ ಮಾವ ಹೊಲಕ್ಕೆ ಹೋದದ್ದೇ ತಡ, ಅತ್ತೆ, ನಾನು, ನನ್ನ ಗಂಡ ಮೂವರೂ ಮಾಡದ ಮುಂದೆ ನಿಂತೆವು. ಅತ್ತೆ ಗೇಣು ಹಾಕಿದರು, ನಾಲ್ಕು ಬಂತು. ನಾನು ಹಾಕಿದೆ, ನಾಲ್ಕೂವರೆ. ನನ್ನ ಗಂಡನ ಕೈಯಲ್ಲಿ ಮೂರೂಮುಕ್ಕಾಲು. ಮೂರು ಕೈ ನಂಬಿ ಗಂಗಾವತಿಯ ಅಂಗಡಿಗೆ ಹೋಗುವುದು ಹೇಗೆ? ಅತ್ತೆ ಹಿತ್ತಲಿಂದ ಜೋಳದ ದಂಟು ತಂದು ಅಗಲಕ್ಕೊಂದು, ಎತ್ತರಕ್ಕೊಂದು, ಆಳಕ್ಕೊಂದು ಮುರಿದು ಮೂರನ್ನೂ ದಾರದಿಂದ ಕಟ್ಟಿದರು. "ಕೈ ಸುಳ್ಳು ಹೇಳ್ತಾವ, ದಂಟು ಹೇಳೂದಿಲ್ಲ" ಅಂದರು.

ಬಸ್ಸಿನಲ್ಲಿ ಆ ದಂಟಿನ ಕಟ್ಟು ನನ್ನ ತೊಡೆಯ ಮೇಲೆ. ಪಕ್ಕದ ಹೆಂಗಸು ಕುಷ್ಟಗಿ ತನಕ ತಡೆದುಕೊಂಡಳು, ಆಮೇಲೆ ಕೇಳಿಯೇ ಬಿಟ್ಟಳು. "ಅದೇನವ್ವಾ, ತೊಟ್ಟಲದ ಅಳತಿ ಏನು?"

ಅತ್ತೆ ಅಷ್ಟೇ ಗಂಭೀರವಾಗಿ, "ಹಾಡಿನ ಅಳತಿರಿ" ಅಂದರು.

ನನಗೆ ನಗು ಹತ್ತಿತು. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ತಾವರಗೇರಾ ದಾಟಿದರೂ ನಿಲ್ಲಲಿಲ್ಲ. ಗಂಡ ಕಿಟಕಿಯ ಕಡೆ ಮುಖ ಮಾಡಿ, ಇವಳು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತಿದ್ದರು. ಅವರ ಭುಜವೂ ಕುಣಿಯುತ್ತಿತ್ತು.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಮೂವರೂ ಮೂರು ದಿಕ್ಕಾದೆವು. ನನ್ನ ಗಂಡ ಹೋಗಿ ನಿಂತದ್ದು ನೀಲಿ, ಕೆಂಪು ದೀಪಗಳು ಹಾಡಿಗೆ ತಕ್ಕಂತೆ ಏರಿಳಿಯುವ ಒಂದು ಸೆಟ್ಟಿನ ಮುಂದೆ. ಅದರ ಮೇಲೆ ಸಾವಿರಾರು ವಾಟು ಎಂದು ಬರೆದ ಚೀಟಿ ಅಂಟಿಸಿದ್ದರು. ನಮ್ಮೂರಿನ ಕರೆಂಟೆಲ್ಲ ಸೇರಿದರೂ ಅಷ್ಟಾಗುತ್ತಿರಲಿಲ್ಲ. ನಾನು ಒಂದೊಂದು ಸೆಟ್ಟಿಗೂ ದಂಟು ಹಿಡಿಯುತ್ತ ಹೋದೆ. ಅಂಗಡಿಯವನು ನೋಡಿ, ಉದ್ದ, ಅಗಲ ಎಲ್ಲ ಪೆಟ್ಟಿಗೆಯ ಮೇಲೆ ಬರೆದಿದೆ ಎಂದ. ಬರೆದದ್ದು ನಮ್ಮ ಮಾಡಕ್ಕೆ ಓದಲು ಬರುವುದಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಮತ್ತೆ ನಗು ಬಂತು.

ಅತ್ತೆ ಮಾಡಿದ್ದೇ ಬೇರೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರಲ್ಲ, ಹಾಗೆ ಒಂದೊಂದು ಸ್ಪೀಕರನ್ನೂ ಬಡಿಯುತ್ತ ಬಂದರು. ದೀಪದ ಸೆಟ್ಟನ್ನು ಬಡಿದು, "ಇದು ಸೀಳೈತಿ" ಅಂದರು.

"ಅಮ್ಮಾರ, ಹೊಸಾದು. ಇವತ್ತ ಬಿಚ್ಚೀನಿ," ಅಂದ ಅಂಗಡಿಯವನು.

"ಹೊಸಾದಿದ್ರೂ ಬಾಯಿ ಅಷ್ಟ ಐತ್ರಿ, ಹೊಟ್ಟಿ ಇಲ್ಲ."

ಮೂಲೆಯಲ್ಲಿ ಕಟ್ಟಿಗೆಯ ಸ್ಪೀಕರಿನ ಒಂದು ಸೆಟ್ಟು ಇತ್ತು. ಬಣ್ಣವಿಲ್ಲ, ಬೆಡಗಿಲ್ಲ, ಇಷ್ಟೇ ಇಷ್ಟು ಹಸಿರು ದೀಪ. ಅತ್ತೆ ಬಡಿದರು. ಇನ್ನೊಮ್ಮೆ ಬಡಿದರು. "ಇದಕ್ಕ ಹೊಟ್ಟಿ ಐತಿ ನೋಡ್ರಿ" ಅಂದರು. ಅಂಗಡಿಯವನು ತನ್ನ ಮನೆಯಲ್ಲಿ ಇರುವುದೂ ಇದೇ ಎಂದು ಒಪ್ಪಿಕೊಂಡ. ಒಂದು ಸಿಡಿ ಹಾಕಿ ಗುಂಡಿ ಒತ್ತಿದ. ತಬಲಾದ ಪೆಟ್ಟು ಬಂದು ನನ್ನ ಎದೆಗೇ ತಾಗಿತು, ಮೈ ಜುಮ್ಮೆಂದಿತು. ನಾನು ದಂಟು ಹಿಡಿದೆ. ಅಗಲಕ್ಕೆ ಒಂದು ಬೆರಳು ಉಳಿಯಿತು, ಎತ್ತರಕ್ಕೆ ಎರಡು, ಆಳಕ್ಕೆ ಅರ್ಧ. ಎಲ್ಲರ ಎದುರಿಗೇ ಒಂದು ಸುತ್ತು ತಿರುಗಿದೆ. ಅದನ್ನೇ ಕೊಂಡೆವು. ಗಂಡ ದೀಪದ ಸೆಟ್ಟನ್ನು ಹೊರಳಿ ಹೊರಳಿ ನೋಡುತ್ತಲೇ ಮೆಟ್ಟಿಲಿಳಿದರು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು. ಮೊಣಕೈವರೆಗೆ ಮಣ್ಣು ಮೆತ್ತಿತ್ತು, ಮೀಸೆಗೂ ಒಂದಿಷ್ಟು. ಅಷ್ಟು ಖುಷಿಯಾಗಿದ್ದ ಅವರನ್ನು ನಾನು ಆವರೆಗೆ ನೋಡಿರಲಿಲ್ಲ.

"ಹೊಸಾ ಸಾಮಾನ ಬರತೈತಿ, ಹಳೀ ಮಾಡದಾಗ ಹೆಂಗ ಕುಂದರಸೂದು ಅಂತ ಗಿಲಾವ್ ಮಾಡೀನಿ," ಅಂದರು.

ಪಡಸಾಲೆಗೆ ಹೋಗಿ ನೋಡಿದೆವು. ಪಂಚಾಂಗ ಇಲ್ಲ, ಎಣ್ಣೆ ಬಾಟಲಿ ಇಲ್ಲ. ಮಾಡದ ಒಳಗೋಡೆಗೆಲ್ಲ ನುಣ್ಣಗೆ ಮಣ್ಣು ಬಳಿದು, ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದಿದ್ದರು. ಮದುವೆಯ ಮನೆಯಂತೆ ಚೆಂದ ಕಾಣುತ್ತಿತ್ತು. ಮಣ್ಣು ಎರಡೂ ಬದಿಗೆ ಎರಡೆರಡು ಬೆರಳು ದಪ್ಪ, ಇನ್ನೂ ಹಸಿ.

ಅತ್ತೆ ನನ್ನ ಕೈಯಿಂದ ಅಗಲದ ದಂಟು ತೆಗೆದುಕೊಂಡು ಮಾಡಕ್ಕೆ ಹಿಡಿದರು. ಅದು ಒಳಗೆ ಹೋಗದೆ ಅಂಚಿಗೆ ತಾಗಿ ನಿಂತಿತು. ಮೇಲೆ ಹಿಡಿದರು, ಕೆಳಗೆ ಹಿಡಿದರು. ದಂಟು ಸುಳ್ಳು ಹೇಳಲಿಲ್ಲ.

ಆಗ ಮಾತ್ರ ನನಗೆ ನಗು ಬರಲಿಲ್ಲ. ನಾನು ಸುಮ್ಮನೆ ಒಳಗೆ ಹೋಗಿ, ಸ್ಟೀರಿಯೋಗೆ ಅಡುಗೆಮನೆಯಲ್ಲಿ ಎಲ್ಲಿ ಜಾಗ ಎಂದು ನೋಡತೊಡಗಿದೆ. ಹಿಟ್ಟಿನ ಡಬ್ಬಿ ಸರಿಸಿದರೆ ಒಂದಿಷ್ಟು ಜಾಗವಾಗುತ್ತಿತ್ತು, ಹೊಗೆ ಮಾತ್ರ ತಪ್ಪುತ್ತಿರಲಿಲ್ಲ.

ಹೊರಗೆ ಮಾವ ತಮ್ಮ ಕೈ ನೋಡಿಕೊಂಡರಂತೆ, ಮಾಡ ನೋಡಿದರಂತೆ. ಇದು ಗಂಡ ಆಮೇಲೆ ಹೇಳಿದ್ದು. ನಾನು ಕೇಳಿದ್ದು ಹಾಸಿಗೆ ಕೊಡವಿ ಸುತ್ತುವ ಸಪ್ಪಳ.

"ಹೊರಸಿನ ಮ್ಯಾಲೆ ಇಡ್ರಿ," ಅಂದರು ಮಾವ.

"ನೀವೆಲ್ಲಿ ಕೂಡ್ತೀರಿ?" ಅಂದರು ಅತ್ತೆ.

"ನೆಲ ಐತಲ್ಲ."

ಅನಂತರ ಅವರ ದನಿ ಅಡುಗೆಮನೆಯ ಕಡೆ ತಿರುಗಿತು. "ಯವ್ವಾ, ಒಳಗ ಯಾಕ ನಿಂತಿ? ಹೊರಗ ಬಾ. ಇದರ ಗುಂಡಿ ನಮಗ್ಯಾರಿಗೂ ತಿಳಿಯಂಗಿಲ್ಲ."

ಹೊಸ್ತಿಲು ದಾಟಿದೆ. ಹೊರಸಿನ ಮೇಲೆ ಸ್ಟೀರಿಯೋ ಹೊಸ ಅಳಿಯನ ಹಾಗೆ ಕೂತಿತ್ತು, ನಾವು ನಾಲ್ವರೂ ಅದರ ಮುಂದೆ ನೆಲದ ಮೇಲೆ. ಗುಂಡಿ ಒತ್ತಿದೆ. ಹಗ್ಗ ಹೆಣೆದ ಹೊರಸು ತಬಲಾದ ಪೆಟ್ಟಿಗೆಲ್ಲ ತಾನೂ ಗುಂಯ್‌ಗುಟ್ಟಿತು. ಮಾವ ಅದರ ಕಾಲಿನ ಮೇಲೆ ಕೈಯಿಟ್ಟು, "ಇದೂ ಹಾಡಾಕತ್ತೈತಲ್ಲ" ಅಂದರು. ಅವರ ಮೀಸೆಯ ಮಣ್ಣು ಒಣಗಿ ಪುಡಿಪುಡಿಯಾಗಿ ಉದುರುತ್ತಿತ್ತು. ಎಂಟು ತಿಂಗಳ ನಗುವೆಲ್ಲ ಒಮ್ಮೆಲೇ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಾಲು ಚಾಚಿಕೊಂಡೇ ನಕ್ಕೆ. ಅತ್ತೆಗೂ ಅಂಟಿತು, ಕೊನೆಗೆ ಮಾವನಿಗೂ.

ಗಿಲಾವು ಒಣಗಿದ ಮೇಲೆ ಕೆತ್ತಿ ತೆಗೆಯೋಣ ಎಂದರು ಗಂಡ. ಮಾವ ಒಪ್ಪಲಿಲ್ಲ, ಅಷ್ಟು ಚೆಂದದ ಕೆಲಸ ಕೆಡಿಸಬಾರದಂತೆ. ಆ ಮೂರು ದಂಟುಗಳನ್ನೇ ಮಾಡದಲ್ಲಿ ಇಟ್ಟರು. ತಾವು ಒಂದು ಚಾಪೆ ಹುಡುಕಿಕೊಂಡರು.

ಸುಗ್ಗಿ ಬಂತು. ಜೋಳದ ಚೀಲ ಹೊತ್ತ ಹಮಾಲ ಎಂದಿನಂತೆ ಸೀದಾ ಪಡಸಾಲೆಗೆ ಬಂದು, ಎಲ್ಲಿ ಒಟ್ಟಬೇಕು ಎಂದು ಕೇಳಿದ. ನಾನು ಗಡಬಡಿಸಿ ಎದ್ದೆ. ಮಾವ ನನಗೆ ಕೂಡೆಂದು ಕೈ ಮಾಡಿ ಅವನಿಗೆ ಹೇಳಿದರು:

"ಅಡಗಿಮನ್ಯಾಗ ಒಟ್ಟು. ಇಲ್ಲಿ ನಮ್ಮ ಸೊಸಿ ಕೂಡ್ತಾಳ."